ಹಾಡಿದ್ದನ್ನೇ ಹಾಡಿದವರು

2001ರ ಆಗಸ್ಟ್ 11ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಮ್ಯಾರಿಟೈಮ್ ಹಾಲ್‌ನಲ್ಲಿ ಒಂದು ಸಹಾಯಾರ್ಥ ಸಂಗೀತ ಕಾರ್ಯಕ್ರಮ ಏರ್ಪಾಡಾಗಿತ್ತು. ಸಹಾಯಾರ್ಥ ಪ್ರದರ್ಶನವೆಂದರೆ ಮುಂದಿನ ಸಾಲಿನಲ್ಲಿ ಗಣ್ಯರು, ನಡುವೆ ಭಾಷಣ, ಕೊನೆಗೆ ಹಾರ ತುರಾಯಿ ಎಂದು ಊಹಿಸಿಕೊಂಡರೆ ತಪ್ಪಾದೀತು. ಬಂದವರಲ್ಲಿ ಬಹುಪಾಲು ಜನ ಕಪ್ಪು ಅಂಗಿ ತೊಟ್ಟ ಹುಡುಗರು, ಒಂದು ಕಾಲಕ್ಕೆ ಹುಡುಗರಾಗಿದ್ದವರು. ವೇದಿಕೆ ಏರಿದ್ದು ಹೆವಿ ಮೆಟಲ್ ತಂಡಗಳು, ಅದರಲ್ಲೂ 'ಥ್ರ್ಯಾಶ್' ಎಂಬ ಅತಿವೇಗದ ಪಂಗಡಕ್ಕೆ ಸೇರಿದವು. ಹತ್ತು ವರ್ಷಗಳ ಹಿಂದೆಯೇ ಅಂಗಡಿ ಮುಚ್ಚಿದ್ದ ಡೆತ್ ಏಂಜೆಲ್ ತಂಡ ಆ ದಿನಕ್ಕೆಂದೇ ಮತ್ತೆ ಒಂದುಗೂಡಿತ್ತು. ಒಬ್ಬರನ್ನೊಬ್ಬರು ಮಾತನಾಡಿಸುವುದನ್ನು ಮರೆತಿದ್ದ ಎಷ್ಟೋ ಮಂದಿ ಗಿಟಾರ್‌ಗಳನ್ನು ಹೆಗಲಿಗೇರಿಸಿಕೊಂಡು ಬಂದಿದ್ದರು.

ಕಾರಣ ಇಬ್ಬರು ಚಕ್‌ಗಳು. ಒಬ್ಬ ಡೆತ್ ಎಂಬ ತಂಡವನ್ನು ಕಟ್ಟಿದ ಚಕ್ ಶುಲ್ಡಿನರ್. ಅವನ ಮಿದುಳಿನಲ್ಲಿ ಗೆಡ್ಡೆ ಬೆಳೆದಿತ್ತು. ಇನ್ನೊಬ್ಬ ಟೆಸ್ಟಮೆಂಟ್ ತಂಡದ ಗಾಯಕ ಚಕ್ ಬಿಲ್ಲಿ. ಆ ವರ್ಷವೇ ಅವನ ಎದೆಯಲ್ಲಿ ಅಪರೂಪದ ಬಗೆಯ ಕ್ಯಾನ್ಸರ್ ಪತ್ತೆಯಾಗಿತ್ತು. ಚಿಕಿತ್ಸೆಯ ಖರ್ಚಿಗೆಂದು ಗೆಳೆಯರು ಕೂಡಿ ನಡೆಸಿದ ಕಾರ್ಯಕ್ರಮ ಅದು. ಹೆಸರೇನೋ 'ಥ್ರ್ಯಾಶ್ ಆಫ್ ದ ಟೈಟನ್ಸ್' ಎಂದು ರಾಕ್ಷಸಾಕಾರದ್ದು. ಒಳಗೆ ನಡೆದದ್ದು ಮಾತ್ರ, ಯಾವುದೇ ಹಳ್ಳಿಯಲ್ಲಿ ಒಬ್ಬನ ಮನೆಗೆ ಬೆಂಕಿ ಬಿದ್ದಾಗ ಊರವರೆಲ್ಲ ಬಿದಿರು, ಹುಲ್ಲು ಹೊತ್ತು ತರುವಂಥ ಕೆಲಸ.

ಅದಾದ ಎರಡು ತಿಂಗಳಿಗೆ, 2001ರ ಅಕ್ಟೋಬರಿನಲ್ಲಿ, ಟೆಸ್ಟಮೆಂಟ್‌ನ ಒಂದು ಆಲ್ಬಂ ಹೊರಬಂತು. 'ಫಸ್ಟ್ ಸ್ಟ್ರೈಕ್ ಸ್ಟಿಲ್ ಡೆಡ್ಲಿ' ಎಂಬುದು ಅದರ ಹೆಸರು. ಅದರಲ್ಲಿದ್ದ ಹನ್ನೊಂದು ಹಾಡುಗಳಲ್ಲಿ ಒಂದೂ ಹೊಸದಲ್ಲ. ಹತ್ತು ಹಾಡುಗಳು ತಂಡದ ಮೊದಲೆರಡು ಆಲ್ಬಂಗಳಲ್ಲಿ, 1987ರ 'ದ ಲೆಗಸಿ' ಮತ್ತು 1988ರ 'ದ ನ್ಯೂ ಆರ್ಡರ್'ನಲ್ಲಿ, ಇದ್ದಂಥವು. ಹನ್ನೊಂದನೆಯದು ಅವಕ್ಕಿಂತಲೂ ಹಳೆಯದು. ಹಳೆಯ ಟೇಪುಗಳನ್ನೇ ಧೂಳು ಒರೆಸಿ ಒಂದೆಡೆ ಪೇರಿಸಿದ ಸಂಕಲನವೂ ಅದಲ್ಲ. ಹದಿಮೂರು ಹದಿನಾಲ್ಕು ವರ್ಷಗಳ ಬಳಿಕ ಸ್ಟುಡಿಯೋಕ್ಕೆ ಹೋಗಿ, ಅವೇ ಹಾಡುಗಳನ್ನು ಮೊದಲ ಸ್ವರದಿಂದ ಕೊನೆಯ ಪೆಟ್ಟಿನವರೆಗೆ ಹೊಸದಾಗಿ ನುಡಿಸಿ, ಹಾಡಿ ಮುದ್ರಿಸಿದ್ದರು.

'ಹಾಡಿದ್ದೇ ಹಾಡೋ ಕಿಸಬಾಯಿದಾಸ' ಎಂಬ ಗಾದೆ ಕನ್ನಡದಲ್ಲಿ ಹುಟ್ಟಿದ್ದೇ ಇಂಥವರಿಗಾಗಿ ಎನ್ನಿಸಬಹುದು. ಪಾಸಾದ ಪರೀಕ್ಷೆಯನ್ನು ಯಾರಾದರೂ ಮತ್ತೆ ಕೂತು ಬರೆಯುತ್ತಾರೆಯೇ? ಇಂಥ ಆಲ್ಬಂ ಬಂದಾಗಲೆಲ್ಲ ವಿಮರ್ಶಕರೂ ಹೆಚ್ಚುಕಡಿಮೆ ಹೀಗೆಯೇ ಮೂಗು ಮುರಿಯುವುದು ವಾಡಿಕೆ. ಸರಕು ಮುಗಿದಿದೆ, ಹೊಸದು ಹೊಳೆಯುತ್ತಿಲ್ಲ, ಹಳೆಯ ಹೆಸರನ್ನು ಮಾರಿ ನಾಲ್ಕು ಕಾಸು ಮಾಡಿಕೊಳ್ಳುತ್ತಿದ್ದಾರೆ ಎಂಬ ಆಪಾದನೆ. ಅನೇಕ ಸಲ ಅದು ನಿಜವೂ ಹೌದು. ಟೆಸ್ಟಮೆಂಟ್‌ನ ಈ ಆಲ್ಬಮಿನ ಹಿಂದಿರುವ ಕಥೆಗೆ ಮಾತ್ರ ಸ್ವಲ್ಪ ಸಾವಧಾನವಾಗಿ ಕಿವಿಗೊಡಬೇಕಾಗುತ್ತದೆ.

ಹೆವಿ ಮೆಟಲ್ ಎಂದರೆ ಮನೆಯ ಹಿರಿಯರಿಗೆ ಸಾಮಾನ್ಯವಾಗಿ ನೆನಪಾಗುವುದು ಮುಚ್ಚಿದ ಕೋಣೆಯ ಬಾಗಿಲು, ಅದರಾಚೆಯಿಂದ ಬರುವ ಗುಡುಗು. 2007ರ ಮಾರ್ಚಿನಲ್ಲಿ ಐರನ್ ಮೇಡನ್, 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ತಂಡಗಳು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ, ಭೂತ ಬೇತಾಳಗಳ ಚಿತ್ರವಿದ್ದ ಅಂಗಿ ತೊಟ್ಟು ಹೊರಟ ಮಕ್ಕಳನ್ನು ಕಂಡು ನಿಟ್ಟುಸಿರು ಬಿಟ್ಟ ತಂದೆತಾಯಂದಿರು ಕರ್ನಾಟಕದಲ್ಲಿಯೂ ಕಡಿಮೆಯಿಲ್ಲ. ಇದು ಸಂಗೀತವೋ ಗಲಾಟೆಯೋ ಎಂಬ ಚರ್ಚೆಯನ್ನು ಇಲ್ಲಿ ಬಗೆಹರಿಸುವ ಇರಾದೆಯಿಲ್ಲ. ಒಂದು ಮಾತನ್ನಂತೂ ಹೇಳಬಹುದು. ಇದನ್ನು ನುಡಿಸುವುದು ಕಷ್ಟ. ಬಲಗೈ ಒಂದು ಸೆಕೆಂಡಿಗೆ ಹತ್ತರ ಆಸುಪಾಸು ಸಲ ತಂತಿಯನ್ನು ಮೀಟಬೇಕು, ಮೀಟಿದ್ದು ಡ್ರಂನ ಪೆಟ್ಟಿಗೆ ಕೂದಲೆಳೆಯಷ್ಟೂ ತಪ್ಪಬಾರದು. ಸಾಧನೆಯಿಲ್ಲದೆ ಆಗುವ ಕೆಲಸ ಅಲ್ಲ ಅದು.

1980ರ ದಶಕದ ಆರಂಭದಲ್ಲಿ ಈ ಅತಿವೇಗದ ಶೈಲಿ ಬೆಳೆದದ್ದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಮುತ್ತಲ ಊರುಗಳಲ್ಲಿ. ಅಲ್ಲಿನ ಬರ್ಕ್ಲಿ ಎಂಬ ಊರು ವಿಶ್ವವಿದ್ಯಾಲಯಕ್ಕೆ ಪ್ರಸಿದ್ಧ. ಅದೇ ಊರಿನ 'ರೂಥೀಸ್ ಇನ್' ಎಂಬ ಕ್ಲಬ್ಬು ಈ ಹುಡುಗರಿಗೆ ಪ್ರಸಿದ್ಧ. 1983ರ ಹೊತ್ತಿಗೆ ಎರಿಕ್ ಪೀಟರ್ಸನ್ ಎಂಬ ಗಿಟಾರ್ ವಾದಕ ತನ್ನ ಸೋದರಸಂಬಂಧಿಯ ಜೊತೆ ಸೇರಿ ಒಂದು ತಂಡ ಕಟ್ಟಿದ. ಅದಕ್ಕೆ ಮುಂದೆ 'ಲೆಗಸಿ' ಎಂಬ ಹೆಸರು ಬಂತು. ಸ್ಟೀವ್ ಸೂಜಾ ಎಂಬಾತ ಹಾಡುಗಾರ. 1985ರಲ್ಲಿ ಅವರು ನಾಲ್ಕು ಹಾಡುಗಳನ್ನು ಒಂದು ಕ್ಯಾಸೆಟ್ಟಿಗೆ ಮುದ್ರಿಸಿದರು. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಪ್ರತಿಯಾಗುತ್ತ ಕೈಯಿಂದ ಕೈಗೆ ದಾಟಿದ ಅಂಥ ಟೇಪುಗಳೇ ಆ ಹುಡುಗರ ವಿಸಿಟಿಂಗ್ ಕಾರ್ಡು.

ಆ ತಂಡಕ್ಕೆ ಹದಿನಾರರ ಆಸುಪಾಸಿನಲ್ಲಿ ಬಂದು ಸೇರಿದವನು ಅಲೆಕ್ಸ್ ಸ್ಕೋಲ್ನಿಕ್. ಬರ್ಕ್ಲಿಯಲ್ಲೇ ಹುಟ್ಟಿದವನು. ತಂದೆ ಜೆರೋಮ್, ತಾಯಿ ಆರ್ಲೀನ್, ಇಬ್ಬರೂ ಹೆಸರಾಂತ ಸಮಾಜವಿಜ್ಞಾನಿಗಳು, ಪುಸ್ತಕ ಬರೆದವರು. ತಂದೆ ಅಪರಾಧ ಮತ್ತು ಪೊಲೀಸ್ ವ್ಯವಸ್ಥೆಯ ಬಗ್ಗೆ, ತಾಯಿ ಕುಟುಂಬ ಎಂಬ ಸಂಸ್ಥೆಯ ಬಗ್ಗೆ. ಕುಟುಂಬದ ಬಗ್ಗೆ ಗ್ರಂಥ ಬರೆದವರ ಮನೆಯಲ್ಲಿಯೇ ಮಗ ಕೋಣೆಯ ಬಾಗಿಲು ಹಾಕಿಕೊಂಡು ಗಿಟಾರ್ ಹಿಡಿದ ಎಂಬುದು ಉಳಿದ ತಂದೆತಾಯಂದಿರಿಗೆ ಒಂದಿಷ್ಟು ಸಮಾಧಾನ ಕೊಡಬಹುದೇನೋ! ಹುಡುಗ ಪಾಠ ಹೇಳಿಸಿಕೊಂಡದ್ದು ಜೋ ಸ್ಯಾಟ್ರಿಯಾನಿಯ ಬಳಿ. ಮುಂದೆ ಜಗತ್ಪ್ರಸಿದ್ಧನಾದ ಸ್ಯಾಟ್ರಿಯಾನಿ ಆಗ ಬರ್ಕ್ಲಿಯಲ್ಲಿ ಗಿಟಾರ್ ಮೇಷ್ಟ್ರು. ಮೆಟಾಲಿಕಾದ ಕರ್ಕ್ ಹ್ಯಾಮೆಟ್ ಕೂಡ ಅವನ ಶಿಷ್ಯನೇ.

1986ರಲ್ಲಿ ಲೆಗಸಿಯ ಹಾಡುಗಾರ ಸೂಜಾ ತಂಡ ಬಿಟ್ಟ. ಕೊಲ್ಲಿಪ್ರದೇಶದ ಹಿರಿಯ ಥ್ರ್ಯಾಶ್ ತಂಡ ಎಕ್ಸೊಡಸ್, ತನ್ನ ಗಾಯಕ ಪಾಲ್ ಬಾಲಾಫ್‌ನನ್ನು ಕಳಿಸಿ ಅವನ ಜಾಗಕ್ಕೆ ಇವನನ್ನು ಕರೆದಿತ್ತು. ಹೊರಡುವ ಮುನ್ನ ಸೂಜಾ ಬರಿಗೈ ಬೀಸಿಕೊಂಡು ಹೋಗಲಿಲ್ಲ. ತನ್ನ ಜಾಗಕ್ಕೆ ಚಕ್ ಬಿಲ್ಲಿಯಾದರೆ ಆದೀತು ಎಂದು ಸೂಚಿಸಿ ಹೋದ. ಬಿಲ್ಲಿ ಆಜಾನುಬಾಹು. ಪೋಮೋ ಎಂಬ ಅಮೆರಿಕದ ಮೂಲನಿವಾಸಿ ಜನಾಂಗಕ್ಕೆ ಸೇರಿದವನು. ಬಂದವನು ಇನ್ನೊಬ್ಬನ ಹಾಡುಗಳನ್ನು ಕಲಿಯಬೇಕಾಯಿತು. ಲೆಗಸಿ ಎಂಬ ಹೆಸರಿನ ಬೇರೊಂದು ಜಾಝ್ ತಂಡ ಇದ್ದುದರಿಂದ ತಂಡದ ಹೆಸರು ಟೆಸ್ಟಮೆಂಟ್ ಎಂದು ಬದಲಾಯಿತು. ಬಿಡಲಾರದೆ ಬಿಟ್ಟ ಹೆಸರನ್ನು ಮೊದಲ ಆಲ್ಬಮಿಗೆ ಇಟ್ಟುಕೊಂಡರು.

ಆ 'ದ ಲೆಗಸಿ'ಯ ಮುದ್ರಣ ನಡೆದದ್ದು ಊರಿನಿಂದ ಬಹುದೂರ, ದೇಶದ ಇನ್ನೊಂದು ತುದಿಯಲ್ಲಿ. ನ್ಯೂಯಾರ್ಕ್ ರಾಜ್ಯದ ಇಥಾಕಾ ಎಂಬ ಊರಿನ ಪಿರಮಿಡ್ ಸೌಂಡ್ ಸ್ಟುಡಿಯೋದಲ್ಲಿ, ಅಲೆಕ್ಸ್ ಪೆರಿಯಾಲಸ್ ಉಸ್ತುವಾರಿಯಲ್ಲಿ. ಅದು 1987ರಲ್ಲಿ ಹೊರಬಂದಾಗ ಸ್ಕೋಲ್ನಿಕ್‌ಗೆ ಹದಿನೆಂಟು. ಓರಗೆಯವರು ಕಾಲೇಜಿನ ಮೆಟ್ಟಿಲು ಹತ್ತುತ್ತಿದ್ದಾಗ ಇವನು ತಂಡದೊಡನೆ ವ್ಯಾನು, ಬಸ್ಸು ಹತ್ತುತ್ತಿದ್ದ.

ಇಂದು ಆ ಮೊದಲ ಆಲ್ಬಮನ್ನು ಹಾಕಿ ಕೇಳಿದರೆ ಎರಡು ಸಂಗತಿ ಕಿವಿಗೆ ಬೀಳುತ್ತವೆ. ಒಂದು, ಹಾಡುಗಳ ಹಸಿವು. ಇನ್ನೊಂದು, ಮುದ್ರಣದ ಬಡತನ. ಗಿಟಾರ್‌ಗಳ ದನಿ ತೆಳು. ಡ್ರಂ ಎಲ್ಲೋ ಖಾಲಿ ಗೋದಾಮಿನಲ್ಲಿಟ್ಟು ಬಾರಿಸಿದಂತೆ ಪ್ರತಿಧ್ವನಿಸುತ್ತದೆ. (1980ರ ದಶಕದಲ್ಲಿ ಎಲ್ಲದಕ್ಕೂ ಪ್ರತಿಧ್ವನಿ ಕೂಡಿಸುವ ಗೀಳು ಸ್ಟುಡಿಯೋಗಳಿಗೆ ಅಂಟಿತ್ತು.) ಬಾಸ್ ಗಿಟಾರ್ ಹುಡುಕಬೇಕು. ಬಿಲ್ಲಿಯ ದನಿ ತಾರಕದಲ್ಲಿ ಸಾಗುತ್ತ ಆಗಾಗ ಕೀರಲು ಕೂಗಿನವರೆಗೆ ಏರುತ್ತದೆ. ಸಭೆಯಲ್ಲಿ ಎದೆಗೆ ಗುದ್ದುವಂತಿದ್ದ ಸಂಗೀತ ಪ್ಲಾಸ್ಟಿಕ್ ತಟ್ಟೆಯಲ್ಲಿ ಸೊರಗಿತ್ತು. ಹಣ ಕಡಿಮೆ, ಸಮಯ ಕಡಿಮೆ, ಈ ವೇಗದ ಸಂಗೀತವನ್ನು ಹೇಗೆ ಹಿಡಿದಿಡಬೇಕೆಂಬ ಅನುಭವವೂ ಆಗ ಯಾರಿಗೂ ಹೆಚ್ಚಿರಲಿಲ್ಲ.

ಮುಂದಿನ ವರ್ಷಗಳನ್ನು ಬೇಗ ದಾಟಬಹುದು. ಆಲ್ಬಂಗಳು ಬಂದವು, ಹೆಸರು ಬಂತು. ಮೆಟಾಲಿಕಾಕ್ಕೆ ಬಂದಷ್ಟು ಹಣ ಬರಲಿಲ್ಲ. 1992ರ 'ದ ರಿಚುಯಲ್' ಆದ ಮೇಲೆ ಸ್ಕೋಲ್ನಿಕ್ ತಂಡ ಬಿಟ್ಟ. ಅವನ ಕಿವಿ ಅಷ್ಟರಲ್ಲಿ ಬೇರೆ ಕಡೆಗೆ ವಾಲಿತ್ತು. ಮೈಲ್ಸ್ ಡೇವಿಸ್‌ನ ತಂಡದ ವಾದನ ಕೇಳಿ ಜಾಝ್ ಹುಚ್ಚು ಹಿಡಿದಿತ್ತು. 1990ರ ದಶಕದ ಕೊನೆಗೆ, ಮೂವತ್ತರ ವಯಸ್ಸಿನಲ್ಲಿ, ಈ ಪ್ರಾಧ್ಯಾಪಕರ ಮಗ ನ್ಯೂಯಾರ್ಕಿಗೆ ಹೋಗಿ 'ನ್ಯೂ ಸ್ಕೂಲ್' ಎಂಬ ವಿದ್ಯಾಸಂಸ್ಥೆಯಲ್ಲಿ ಜಾಝ್ ಪದವಿಗೆ ವಿದ್ಯಾರ್ಥಿಯಾಗಿ ಸೇರಿಕೊಂಡ! ಸಾವಿರಾರು ಜನರ ಮುಂದೆ ನುಡಿಸಿದವನು, ತನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರ ಪಕ್ಕ ಕೂತು ಸ್ವರಮೇಳದ ಪಾಠ ಬರೆದುಕೊಳ್ಳುವುದು ಹಗುರವಾದ ಸಂಗತಿಯಲ್ಲ. ಮಕ್ಕಳು ಇಪ್ಪತ್ತೊಂದಕ್ಕೆ ಪದವಿ ಮುಗಿಸದಿದ್ದರೆ ಬದುಕೇ ಮುಗಿಯಿತೆಂದು ತಿಳಿಯುವ ಮನೆಗಳಲ್ಲಿ ಈ ವಿವರ ಒಂದು ಕ್ಷಣ ನಿಲ್ಲಬಹುದು.

ಇತ್ತ ಟೆಸ್ಟಮೆಂಟ್‌ನಲ್ಲಿ ಬಿಲ್ಲಿಯ ದನಿ ಕೆಳಗಿಳಿಯುತ್ತ ಹೋಯಿತು. 1994ರ 'ಲೋ', 1997ರ 'ಡೆಮಾನಿಕ್' ಆಲ್ಬಂಗಳ ಹೊತ್ತಿಗೆ ಆತ ಹುಲಿಯಂತೆ ಗುರುಗುಟ್ಟುವುದನ್ನು ಕಲಿತಿದ್ದ. 1987ರ ಆ ತಾರಕದ ಹುಡುಗ ಹಾಡುಗಳಲ್ಲಿ ಮಾತ್ರ ಉಳಿದಿದ್ದ. ಜೊತೆಗಾರರು ಬಂದರು, ಹೋದರು. ಆರಂಭದಿಂದ ಅಲುಗದೆ ಉಳಿದವನು ಎರಿಕ್ ಪೀಟರ್ಸನ್ ಒಬ್ಬನೇ.

ಹಳೆಯ ಹಾಡುಗಳ ಮರುಮುದ್ರಣದ ಕೆಲಸಕ್ಕೆ ಸೇರಿದವರ ಪಟ್ಟಿಯೇ ಒಂದು ಕಥೆ ಹೇಳುತ್ತದೆ. ಗಿಟಾರ್‌ಗೆ ಪೀಟರ್ಸನ್, ಅವನ ಪಕ್ಕದಲ್ಲಿ ಅತಿಥಿಯಾಗಿ ಸ್ಕೋಲ್ನಿಕ್. ತಂಡ ಬಿಟ್ಟು ಒಂಬತ್ತು ವರ್ಷ ಕಳೆದಿದ್ದರೂ ಕರೆದೊಡನೆ ಬಂದಿದ್ದ. ಡ್ರಂಗೆ ಜಾನ್ ಟೆಂಪೆಸ್ಟಾ. ಬಾಸ್‌ಗೆ ಸ್ಟೀವ್ ಡಿಜಾರ್ಜಿಯೋ. ಈತ ಕಾಯಿಲೆ ಬಿದ್ದಿದ್ದ ಶುಲ್ಡಿನರ್‌ನ ಜೊತೆ ಡೆತ್ ತಂಡದಲ್ಲಿ ನುಡಿಸಿದ್ದವನು. ಧ್ವನಿಮಿಶ್ರಣ ಇಂಗ್ಲೆಂಡಿನ ಆ್ಯಂಡಿ ಸ್ನೀಪ್‌ನದು. ಸ್ನೀಪ್ ಸ್ವತಃ ಥ್ರ್ಯಾಶ್ ಗಿಟಾರ್ ನುಡಿಸಿ ಬೆಳೆದವನಾದ್ದರಿಂದ ಈ ಹಾಡುಗಳು ಹೇಗೆ ಕೇಳಿಸಬೇಕೆಂಬುದು ಅವನಿಗೆ ಕೇಳುಗನಾಗಿಯೂ ಗೊತ್ತಿತ್ತು. ಒಂಬತ್ತು ಹಾಡುಗಳನ್ನು ಬಿಲ್ಲಿ ಹಾಡಿದ.

ಉಳಿದೆರಡನ್ನು ಹಾಡಿದವನು ಸ್ಟೀವ್ ಸೂಜಾ.

ಇಡೀ ಆಲ್ಬಮಿನಲ್ಲಿ ಮನಸ್ಸು ತಂಗುವುದು ಇಲ್ಲಿಯೇ. 'ಅಲೋನ್ ಇನ್ ದ ಡಾರ್ಕ್' ಮತ್ತು 'ರೇನ್ ಆಫ್ ಟೆರರ್' ಲೆಗಸಿಯ ಕಾಲದ ಹಾಡುಗಳು. ಸೂಜಾ ಹದಿನೈದು ವರ್ಷಗಳ ಹಿಂದೆ ಬಿಟ್ಟುಹೋದ ಕುರ್ಚಿ ಅದು. ಆ ಕುರ್ಚಿಗೆ ಅವನೇ ಸೂಚಿಸಿದ ಮನುಷ್ಯನ ಎದೆಯೊಳಗೆ, ಆಲ್ಬಂ ಹೊರಬಂದ ಅದೇ ವರ್ಷ, ಕ್ಯಾನ್ಸರ್. ಸೂಜಾ ಹಿಂದಿರುಗಿ ಬಂದು ಎರಡು ಹಾಡು ಹಾಡಿ, ಉಳಿದ ಒಂಬತ್ತನ್ನು ಮುಟ್ಟದೆ ಬಿಟ್ಟಿದ್ದಾನೆ. ಮುಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. 'ದ ಲೆಗಸಿ'ಯ ಹಲವು ಹಾಡುಗಳ ಸಾಹಿತ್ಯದಲ್ಲಿ ಅವನ ಪಾಲೂ ಇತ್ತು. ಆಗಸ್ಟಿನ ಸಹಾಯಾರ್ಥ ಕಾರ್ಯಕ್ರಮದಲ್ಲಿಯೂ ಸೂಜಾ, ಸ್ಕೋಲ್ನಿಕ್ ಮುಂತಾದವರು ವೇದಿಕೆ ಹತ್ತಿದ್ದು ಟೆಸ್ಟಮೆಂಟ್ ಎಂಬ ಹೆಸರಿನಲ್ಲಲ್ಲ, ಲೆಗಸಿ ಎಂಬ ಹಳೆಯ ಹೆಸರಿನಲ್ಲಿ. ಬಿಲ್ಲಿ ಇಲ್ಲದೆ ಟೆಸ್ಟಮೆಂಟ್ ಎಂದು ಕರೆದುಕೊಳ್ಳದೆ ಇದ್ದುದರಲ್ಲಿ ಒಂದು ಸೂಕ್ಷ್ಮ ಇದೆ. ಕೂಗಾಡುವ ಸಂಗೀತದವರಿಗೆ ಸೂಕ್ಷ್ಮ ಎಲ್ಲಿಂದ ಬರಬೇಕು ಎನ್ನುವವರು ಇದನ್ನು ಗಮನಿಸಬೇಕು.

ಹಾಗಾದರೆ ಆಲ್ಬಂ ಹೇಗಿದೆ? ಹಳೆಯದು, ಹೊಸದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳುವುದು ಒಂದು ಒಳ್ಳೆಯ ಮಳೆಗಾಲದ ಮಧ್ಯಾಹ್ನದ ಕೆಲಸ. (ಮನೆಯವರು ಹೊರಗೆ ಹೋಗಿದ್ದರೆ ಇನ್ನೂ ಒಳ್ಳೆಯದು.) 'ಓವರ್ ದ ವಾಲ್' ತೆಗೆದುಕೊಳ್ಳಿ. ಹಳೆಯದರಲ್ಲಿ ಗಿಟಾರ್ ಶುರುವಾದಾಗ ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ. ಹೊಸದರಲ್ಲಿ ಕಲ್ಲುಬಂಡೆ ಉರುಳಿದ ಹಾಗೆ. ಡ್ರಂ ಗೋದಾಮಿನಿಂದ ಹೊರಬಂದು ಕಿವಿಯ ಮಗ್ಗುಲಿಗೆ ಕೂತಿದೆ. ಬಾಸ್ ಇದೆ ಎಂಬುದು ಮೊದಲ ಬಾರಿ ಗೊತ್ತಾಗುತ್ತದೆ. ಬಿಲ್ಲಿ ತಾರಕಕ್ಕೆ ಹೋಗುವ ಹಟ ಮಾಡಿಲ್ಲ. ಕೀರಲು ಕೂಗಿದ್ದ ಕಡೆಗಳಲ್ಲಿ ಈಗ ಆಳವಾದ ಘರ್ಜನೆ. ವಯಸ್ಸನ್ನು ಮುಚ್ಚಿಡದೆ ಹಾಡಿದ್ದಾನೆ.

ಸ್ಕೋಲ್ನಿಕ್ ಇನ್ನೂ ಕುತೂಹಲಕಾರಿ. ಜಾಝ್ ಓದಿಬಂದವನು ತನ್ನ ಹೊಸ ಪಾಂಡಿತ್ಯವನ್ನೆಲ್ಲ ಇಲ್ಲಿ ಸುರಿಯಬಹುದಿತ್ತು. ಸುರಿಯಲಿಲ್ಲ. ಹದಿನೆಂಟರ ಹುಡುಗ ಕಟ್ಟಿದ ಏಕವ್ಯಕ್ತಿ ವಾದನದ ಭಾಗಗಳನ್ನು ಮೂವತ್ತೆರಡು ದಾಟಿದವನು ಹೆಚ್ಚುಕಡಿಮೆ ಅದೇ ಜಾಡಿನಲ್ಲಿ, ಹೆಚ್ಚು ಬಿಗಿಯಾಗಿ, ನುಡಿಸಿದ್ದಾನೆ. ಕೇಳುಗರಿಗೆ ಆ ಸ್ವರಗಳೆಲ್ಲ ಬಾಯಿಪಾಠವಾಗಿದ್ದವು. ಬದಲಾಯಿಸಿದ್ದರೆ ಮನೆಯ ಬೀಗ ಬದಲಾಯಿಸಿ ಹಳೆಯ ಕೀಲಿಕೈ ಇದ್ದವರನ್ನು ಹೊರಗೆ ನಿಲ್ಲಿಸಿದಂತಾಗುತ್ತಿತ್ತು. ತಮಾಷೆಯೆಂದರೆ ಮರುವರ್ಷವೇ, 2002ರಲ್ಲಿ, ಆತ ತನ್ನ ಜಾಝ್ ತ್ರಯದ ಮೊದಲ ಆಲ್ಬಮಿನಲ್ಲಿ ಇದಕ್ಕೆ ತದ್ವಿರುದ್ಧವಾದದ್ದನ್ನು ಮಾಡಿದ. ಬಾಲ್ಯದಲ್ಲಿ ಕೇಳಿ ಬೆಳೆದ ರಾಕ್, ಮೆಟಲ್ ಹಾಡುಗಳನ್ನು ಆಯ್ದು, ವೇಗ ತಗ್ಗಿಸಿ, ರಾಗ ಬಿಡಿಸಿ, ಗುರುತು ಹಿಡಿಯಲು ಒಂದು ಕ್ಷಣ ಬೇಕಾಗುವಂತೆ ಜಾಝ್ ಆಗಿ ನುಡಿಸಿದ. ಆಝಿ ಆಸ್ಬೋರ್ನ್‌ನ 'ಗುಡ್‌ಬೈ ಟು ರೊಮಾನ್ಸ್' ಎಂಬ ಹಾಡಿನ ಹೆಸರನ್ನೇ ಆ ಆಲ್ಬಮಿಗೂ ಇಟ್ಟ. ಹಳೆಯ ಹಾಡನ್ನು ಮತ್ತೆ ಹಾಡುವುದಕ್ಕೆ ಎರಡು ದಾರಿಗಳಿವೆ. ಒಬ್ಬನೇ ಮನುಷ್ಯ ಎರಡರಲ್ಲಿಯೂ ನಡೆದು ನೋಡಿದ.

ಇಷ್ಟು ಹೊಗಳಿದ ಮೇಲೆ ಒಂದು ತಕರಾರನ್ನೂ ದಾಖಲಿಸದಿದ್ದರೆ ನ್ಯಾಯವಾಗದು. ಹೊಸ ಆಲ್ಬಮಿನಲ್ಲಿ ಎಲ್ಲವೂ ಸರಿಯಾಗಿದೆ. ಹಳೆಯದರಲ್ಲಿ ಎಲ್ಲವೂ ಸರಿಯಾಗಿರಲಿಲ್ಲ, ಆದರೆ ಒಂದು ಗಾಬರಿ ಇತ್ತು. ಇದು ಕೈತಪ್ಪಿದರೆ ಇನ್ನೊಂದು ಅವಕಾಶ ಸಿಗುತ್ತದೋ ಇಲ್ಲವೋ ಎಂಬ ಹುಡುಗರ ಗಾಬರಿ, ಗಿಟಾರ್ ಬಲಗೈಯಲ್ಲಿ, ಬಿಲ್ಲಿಯ ಏರಿದ ಕೊರಳಿನಲ್ಲಿ ಕೇಳಿಸುತ್ತದೆ. ಹಬ್ಬದ ದಿನ ಮೊದಲ ಹೋಳಿಗೆ ಕಾವಲಿಗೆ ಅಂಟಿಕೊಂಡು ಹರಿದರೂ ಮಕ್ಕಳು ಜಗಳವಾಡುವುದು ಅದಕ್ಕೇ. ಆಮೇಲೆ ದುಂಡಗೆ ಬರುವ ಹೋಳಿಗೆಗೆ ಆ ರುಚಿ ಇರುವುದಿಲ್ಲ. ಸ್ಟುಡಿಯೋದಲ್ಲಿ ಎಷ್ಟು ದುಡ್ಡು ಸುರಿದರೂ ಆ ಗಾಬರಿಯನ್ನು ಮರುಮುದ್ರಿಸಲು ಬಾರದು. ಮುದ್ರಿಸಲು ಯತ್ನಿಸದೆ ಇದ್ದುದು ಟೆಸ್ಟಮೆಂಟ್‌ನವರ ಜಾಣತನ.

ಎಲ್ಲರೂ ಹೀಗೆ ಜಾಣರಾಗಿರುವುದಿಲ್ಲ. ಆಝಿ ಆಸ್ಬೋರ್ನ್‌ನ ಪ್ರಸಂಗವನ್ನೇ ನೋಡಬಹುದು. 1980 ಮತ್ತು 1981ರಲ್ಲಿ ಬಂದ ಅವನ ಮೊದಲೆರಡು ಏಕವ್ಯಕ್ತಿ ಆಲ್ಬಂಗಳು ಮೆಟಲ್ ಪ್ರಪಂಚದ ದೊಡ್ಡ ಆಸ್ತಿ. ಅವುಗಳಲ್ಲಿ ಗಿಟಾರ್ ನುಡಿಸಿದ ರ‍್ಯಾಂಡಿ ರೋಡ್ಸ್, ತಾಯಿ ನಡೆಸುತ್ತಿದ್ದ ಸಂಗೀತ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದವನು. 1982ರಲ್ಲಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ, ವಿಮಾನ ಅಪಘಾತದಲ್ಲಿ ಸತ್ತ. ಬಾಸ್ ನುಡಿಸಿದ್ದ ಬಾಬ್ ಡೇಸ್ಲಿ, ಡ್ರಂ ನುಡಿಸಿದ್ದ ಲೀ ಕೆರ್‌ಸ್ಲೇಕ್ ಮುಂದೆ ರಾಯಲ್ಟಿಗಾಗಿ ಕೋರ್ಟು ಹತ್ತಿದರು. 2002ರಲ್ಲಿ ಆ ಆಲ್ಬಂಗಳು ಮರುಬಿಡುಗಡೆಯಾದಾಗ ಅವರಿಬ್ಬರ ವಾದನವನ್ನು ಅಳಿಸಿ, ಬೇರೆ ಇಬ್ಬರಿಂದ ನುಡಿಸಿ ತುಂಬಲಾಗಿತ್ತು. ಸತ್ತ ಹುಡುಗನ ಗಿಟಾರ್, ಅವನ ಜೊತೆ ಎಂದೂ ಒಂದೇ ಕೋಣೆಯಲ್ಲಿ ಕೂತು ನುಡಿಸದವರ ಡ್ರಂ! ಮದುವೆ ಫೋಟೋದಿಂದ ಮುನಿದ ನೆಂಟರ ಮುಖ ಕತ್ತರಿಸಿ ಬೇರೆಯವರದನ್ನು ಅಂಟಿಸಿದಂತೆ. ಅಭಿಮಾನಿಗಳು ರೇಗಿದರು, ವರ್ಷಗಟ್ಟಲೆ ರೇಗಿದರು. 2011ರ ಮರುಬಿಡುಗಡೆಯಲ್ಲಿ ಹಳೆಯ ವಾದನವನ್ನು ಮತ್ತೆ ತಂದು ಸೇರಿಸಬೇಕಾಯಿತು.

ಹಣದ ಮಾತು ಬಂದದ್ದರಿಂದ ಒಂದು ಲೆಕ್ಕವನ್ನು ಬಿಡಿಸಿ ಹೇಳುವುದು ಒಳ್ಳೆಯದು. ಒಂದು ಹಾಡಿಗೆ ಎರಡು ಒಡೆತನ. ಮಾತು ಮತ್ತು ರಾಗ ಕಟ್ಟಿದವರದು ಒಂದು. ಅದನ್ನು ಒಂದು ದಿನ ಸ್ಟುಡಿಯೋದಲ್ಲಿ ಹಾಡಿ ಹಿಡಿದಿಟ್ಟ ಮೂಲ ಟೇಪಿನದು ಇನ್ನೊಂದು. ಎರಡನೆಯದು ಸಾಮಾನ್ಯವಾಗಿ ಹಣ ಹೂಡಿದ ಕಂಪನಿಯ ಪಾಲು. ಹದಿನೆಂಟಕ್ಕೆ ಸಹಿ ಹಾಕುವ ಹುಡುಗರು ಈ ಕಲಮನ್ನು ಓದುವುದಿಲ್ಲ, ಓದಿದರೂ ಸಹಿ ಹಾಕುತ್ತಾರೆ. ಒಪ್ಪಂದದಲ್ಲಿ ಹೇಳಿದಷ್ಟು ವರ್ಷ ಕಳೆದ ಮೇಲೆ ಅದೇ ಹಾಡನ್ನು ಹೊಸದಾಗಿ ಮುದ್ರಿಸಿದರೆ ಹೊಸ ಟೇಪು ತಮ್ಮದಾಗುತ್ತದೆ. ಇಂಗ್ಲೆಂಡಿನ ಡೆಫ್ ಲೆಪರ್ಡ್ ತಂಡ ಕಂಪನಿಯೊಡನೆ ಜಗಳವಾಗಿ, 2012ರಲ್ಲಿ ತನ್ನದೇ ಹಿಟ್ ಹಾಡುಗಳ ತದ್ರೂಪಿ ಪ್ರತಿಗಳನ್ನು ತಯಾರಿಸಿ, 'ಖೋಟಾ' ಎಂದು ತಾನೇ ನಗುತ್ತ ಕರೆಯಿತು. ಟೇಲರ್ ಸ್ವಿಫ್ಟ್ 2021ರಿಂದ ಹಳೆಯ ಆಲ್ಬಂಗಳನ್ನು ಒಂದೊಂದಾಗಿ ಮತ್ತೆ ಹಾಡಿದ ಸುದ್ದಿ ಮನೆಯ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು. ಅಪ್ಪಂದಿರು ಕೇಳಿ ತಿಳಿಯಬಹುದು.

ದನಿಯೇ ಬೇರೆಯಾದಾಗ ಪ್ರಶ್ನೆ ಇನ್ನಷ್ಟು ತೊಡಕು. ನ್ಯೂಯಾರ್ಕಿನ ಆ್ಯಂಥ್ರ್ಯಾಕ್ಸ್ ತಂಡ 2004ರಲ್ಲಿ, ಅಭಿಮಾನಿಗಳ ಮತದಿಂದ ಆರಿಸಿದ ಹಳೆಯ ಹಾಡುಗಳನ್ನು ಆಗಿನ ಗಾಯಕ ಜಾನ್ ಬುಷ್‌ನಿಂದ ಹಾಡಿಸಿತು. ಹಳೆಯ ಗಾಯಕ ಜೋಯಿ ಬೆಲಡೋನಾ ಮರುವರ್ಷವೇ ತಂಡಕ್ಕೆ ಮರಳಿದ್ದರಿಂದ ಆ ಆಲ್ಬಂ ಬಾಡಿಗೆ ಮನೆಗೆ ಸುಣ್ಣ ಬಳಿದಂತಾಯಿತು. ಬುಷ್ ಹಾಡಿದ್ದು ಮಾತ್ರ ಚೆನ್ನಾಗಿಯೇ ಇದೆ.

ಸ್ಯಾನ್ ಫ್ರಾನ್ಸಿಸ್ಕೋದ ಆ ಸಭಾಂಗಣದಲ್ಲಿ ಕೂಡಿದವರ ಪೈಕಿ ಸಾವು ಯಾರನ್ನು ಆರಿಸಿಕೊಂಡಿತು ಎಂಬುದು ಯಾರೂ ಎಣಿಸಿದಂತೆ ಆಗಲಿಲ್ಲ. ಚಕ್ ಶುಲ್ಡಿನರ್ ಅದೇ ವರ್ಷದ ಡಿಸೆಂಬರ್ 13ರಂದು ತೀರಿಕೊಂಡ, ಮೂವತ್ತನಾಲ್ಕು ವಯಸ್ಸು. ಅಂದು ಎಕ್ಸೊಡಸ್ ಜೊತೆ ವೇದಿಕೆಯ ಮೇಲೆ ಕುಣಿದಾಡಿದ ಪಾಲ್ ಬಾಲಾಫ್ ಕಾಯಿಲೆಯವನೇ ಅಲ್ಲ, ಅವನೂ 2002ರ ಫೆಬ್ರವರಿಯಲ್ಲಿ ಹೋಗಿಬಿಟ್ಟ. ಅವನು ಹಾಡಿದ್ದ 1985ರ 'ಬಾಂಡೆಡ್ ಬೈ ಬ್ಲಡ್' ಆಲ್ಬಮನ್ನು ಎಕ್ಸೊಡಸ್ 2008ರಲ್ಲಿ ಬೇರೊಬ್ಬ ಗಾಯಕನಿಂದ ಪೂರ್ತಿಯಾಗಿ ಮತ್ತೆ ಹಾಡಿಸಿ ಹೊರತಂದಿತು. ಬಾಲಾಫ್ ಬದುಕಿದ್ದಿದ್ದರೆ ಅವನೇ ಹಾಡುತ್ತಿದ್ದ ಎಂದು ಅದನ್ನು ಕೇಳುವಾಗ ಅನ್ನಿಸದೆ ಇರದು.

ಉಳಿಯುವುದು ಅನುಮಾನವಿದ್ದ ಬಿಲ್ಲಿ ಉಳಿದ. ಆಸ್ಪತ್ರೆಯ ಕೀಮೋಥೆರಪಿಯ ಜೊತೆಗೆ ತನ್ನ ಜನಾಂಗದ ಹಿರಿಯರ ಪ್ರಾರ್ಥನೆ, ಆಚರಣೆಗಳಿಗೂ ಆತ ಮೊರೆ ಹೋಗಿದ್ದ. ನೀಳ ಕಪ್ಪು ಕೂದಲು ಚಿಕಿತ್ಸೆಯಲ್ಲಿ ಉದುರಿ ಮತ್ತೆ ಬೆಳೆಯಿತು. ದನಿಗೆ ಏನೂ ಆಗಲಿಲ್ಲ. 2005ರಲ್ಲಿ ಹಳೆಯ ಬಳಗ ಪ್ರವಾಸಕ್ಕೆಂದು ಒಟ್ಟುಗೂಡಿತು. ಸ್ಕೋಲ್ನಿಕ್ ಅತಿಥಿಯಾಗಿ ಬಂದವನು ಮನೆಯವನಾಗಿ ಉಳಿದ. 2008ರಲ್ಲಿ 'ದ ಫಾರ್ಮೇಶನ್ ಆಫ್ ಡ್ಯಾಮ್ನೇಶನ್' ಎಂಬ ಆಲ್ಬಂ ಬಂತು, ಈ ಸಲ ಹೊಸ ಹಾಡುಗಳದೇ. 2013ರಲ್ಲಿ ಸ್ಕೋಲ್ನಿಕ್ ತನ್ನ ಬೆಳೆದ ಕಥೆಯನ್ನು 'ಗೀಕ್ ಟು ಗಿಟಾರ್ ಹೀರೋ' ಎಂಬ ಪುಸ್ತಕವಾಗಿ ಬರೆದ. ಗ್ರಂಥಕರ್ತರ ಮನೆಯ ಮಗ ಕೊನೆಗೂ ಗ್ರಂಥಕರ್ತನಾದ.

ಮೊದಲ ಆಲ್ಬಮಿನ ಒಂದು ಹಾಡಿನ ಹೆಸರು 'ಫಸ್ಟ್ ಸ್ಟ್ರೈಕ್ ಈಸ್ ಡೆಡ್ಲಿ'. ಮೊದಲ ಪೆಟ್ಟೇ ಮಾರಕ ಎಂದು ಅರ್ಥ. 2001ರ ಆಲ್ಬಮಿಗೆ ಹೆಸರಿಡುವಾಗ 'ಈಸ್' ಇದ್ದ ಕಡೆ 'ಸ್ಟಿಲ್' ಎಂದು ಹಾಕಿದರು, ಮೊದಲ ಪೆಟ್ಟು ಇನ್ನೂ ಮಾರಕವೇ ಎಂದು.

2020ರ ಫೆಬ್ರವರಿ–ಮಾರ್ಚಿನಲ್ಲಿ ಟೆಸ್ಟಮೆಂಟ್, ಎಕ್ಸೊಡಸ್, ಡೆತ್ ಏಂಜೆಲ್, ಈ ಮೂರೂ ಕೊಲ್ಲಿಪ್ರದೇಶದ ತಂಡಗಳು ಒಂದೇ ಪ್ರವಾಸದಲ್ಲಿ ಯೂರೋಪು ಸುತ್ತಿದವು. ಎಕ್ಸೊಡಸ್‌ಗೆ ಹಾಡಿದವನು ಸ್ಟೀವ್ ಸೂಜಾ, ಟೆಸ್ಟಮೆಂಟ್‌ಗೆ ಚಕ್ ಬಿಲ್ಲಿ. ಕೊರೊನಾ ಬೆನ್ನಟ್ಟಿಕೊಂಡು ಬರುತ್ತಿದ್ದಂತೆ ಪ್ರವಾಸ ಮುಗಿಸಿ ಮನೆ ಸೇರಿದರು. ಬಿಲ್ಲಿಗೆ ಅದೂ ತಗುಲಿತು, ಅದರಿಂದಲೂ ಎದ್ದುಬಂದ. ಅಷ್ಟರೊಳಗೆ ಊರೂರುಗಳಲ್ಲಿ, ರಾತ್ರಿ ರಾತ್ರಿ, ಒಬ್ಬನಾದ ಮೇಲೆ ಒಬ್ಬ ಅದೇ ವೇದಿಕೆ ಹತ್ತಿ ಹಾಡಿಯಾಗಿತ್ತು. ಮುವ್ವತ್ತಕ್ಕೂ ಹೆಚ್ಚು ವರ್ಷ ಹಳೆಯ ಹಾಡುಗಳನ್ನು ಮುಂದಿನ ಸಾಲಿನಲ್ಲಿದ್ದವರು ಅವರ ಜೊತೆಜೊತೆಗೇ ಕೂಗಿ ಹಾಡುತ್ತಿದ್ದರು.